ಒಳಗಿನ ದನಿ ಸುಮ್ಮನಾದ ರಾತ್ರಿ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ಒಬ್ಬರಿಗೆ ಆಡಿದ ಒಂದು ಒರಟು ಮಾತು ಕಾಡುತ್ತಿತ್ತು. ಕ್ಷಮೆ ಕೇಳಿದ್ದೆ, ಅವರೂ ಮರೆತಿದ್ದರು. ಆದರೂ ‘ನೀನು ಇಷ್ಟೇ’ ಅಂತ ಒಳಗಿನ ದನಿ ಚುಚ್ಚುತ್ತಲೇ ಇತ್ತು. ವಾದ ಮಾಡಿದಷ್ಟೂ ಅದು ಜಾಸ್ತಿ ಆಗುತ್ತದೆ, ಅಲ್ವಾ?

ಕೊನೆಗೆ ವಾದ ಬಿಟ್ಟೆ. ಕತ್ತಲಲ್ಲೇ ಎದ್ದು ಕೂತು, ಮೆಲ್ಲಗೆ ದೇವರನ್ನು ಸ್ತುತಿಸತೊಡಗಿದೆ. ಬೈಬಲಿನ 103ನೇ ಕೀರ್ತನೆಯಲ್ಲಿ ರಾಜ ದಾವೀದ ಮೊದಲು ಮಾತಾಡುವುದು ತನ್ನ ಮನಸ್ಸಿನ ಜೊತೆಗೇ. ದೇವರನ್ನು ಕೊಂಡಾಡು, ಆತನ ಉಪಕಾರ ಮರೆಯಬೇಡ ಅಂತ. ಪೂರ್ವಕ್ಕೂ ಪಶ್ಚಿಮಕ್ಕೂ ಎಷ್ಟು ದೂರವೋ, ಅಷ್ಟು ದೂರ ನಮ್ಮ ತಪ್ಪುಗಳನ್ನು ಆತ ಸರಿಸಿದ್ದಾನೆ ಅನ್ನುವುದೂ ಅಲ್ಲೇ ಇದೆ. ಆತ ಅಷ್ಟು ದೂರ ಇಟ್ಟದ್ದನ್ನು ನಾನ್ಯಾಕೆ ಮತ್ತೆ ಮತ್ತೆ ಹತ್ತಿರ ಎಳೆದುಕೊಳ್ಳುತ್ತಿದ್ದೆ?

ಮೊದಮೊದಲು ಮಾತುಗಳು ಬರೀ ಒಣಒಣವಾಗಿದ್ದವು. ಆಮೇಲೆ ಗಂಟಲು ತುಂಬಿ ಬಂತು. ಯಾವಾಗ ನಿದ್ದೆ ಹತ್ತಿತೋ ಗೊತ್ತಾಗಲೇ ಇಲ್ಲ.