ನೋವಾ ಅಂದ್ರೆ ಏನು ಅಂತ ಕೇಳೋರಿಗೆಲ್ಲ

ಇಲ್ಲ, ಯಾರಿಗೂ ನೋವಿಲ್ಲ. ಮಗಳ ಹೆಸರು ನೋವಾ, ಹೀಬ್ರೂ ಹೆಸರು, ಚಲನೆ ಅಂತ ಅರ್ಥ, ಅಷ್ಟೇ. ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ, ಹೇಳಿ ಹೇಳಿ ಬಾಯಿ ನೋಯ್ತಿದೆ (ನೋಡಿ, ನಾನೇ ಅಂದ್ಬಿಟ್ಟೆ).

ಜೋಕ್ ಮಾಡೋರಿಗೊಂದು ಮಾತು. ಲಸಿಕೆ ಹಾಕಿಸೋಕೆ ಹೋದಾಗ ನರ್ಸ್ ಬಾಗಿಲಲ್ಲಿ ನಿಂತು "ನೋವಾ?" ಅಂತ ಕೂಗಿದ್ರು, ನಾನು ಏಳೋದ್ರೊಳಗೆ ಪಕ್ಕದಲ್ಲಿದ್ದ ಅಜ್ಜ "ಹೂಂ ಕಣಮ್ಮ, ಎರಡೂ ಮಂಡಿ" ಅಂತ ಎದ್ದು ಹೊರಟೇಬಿಟ್ರು. ಇದಕ್ಕಿಂತ ಚೆನ್ನಾಗಿರೋದು ನಿಮ್ಮತ್ರ ಇದ್ರೆ ಹೇಳಿ, ಇಲ್ದಿದ್ರೆ ಸುಮ್ನಿರಿ.

ಸಿಟ್ಟು ಬರೋದು ಎರಡನೇ ಪ್ರಶ್ನೆಗೆ. "ಅದು ಗಂಡಸಿನ ಹೆಸರಲ್ವಾ, ಆ ಹಡಗಿನೋನು?" ಅಲ್ಲ ರೀ. ಬೈಬಲ್ಲಿನ ಪ್ರಳಯದ ಕಥೇಲಿ ಹಡಗು ಕಟ್ಟಿದ ಅವನು ನೋಹ. ಹೀಬ್ರೂನಲ್ಲಿ ಬರೆಯೋದೇ ಬೇರೆ, ಅರ್ಥ ವಿಶ್ರಾಂತಿ, ಅಂದ್ರೆ ಹೆಚ್ಚುಕಮ್ಮಿ ಉಲ್ಟಾ. ಅಮೆರಿಕದಲ್ಲಿ 2013ರಿಂದ 2016ರವರೆಗೆ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟಿದ್ದು ಅವನ ಹೆಸರು, ಅಲ್ಲಿರೋ ನಮ್ಮ ನೆಂಟರಿಗೆ ಅದೊಂದೇ ಗೊತ್ತು. ಇಸ್ರೇಲಲ್ಲಿ 2000ದ ನಂತರ ವರ್ಷಗಟ್ಟಲೆ ಹೆಣ್ಣುಮಕ್ಕಳ ಹೆಸರಲ್ಲಿ ನೋವಾನೇ ಫಸ್ಟು. ಇಷ್ಟು ಹೇಳಿದ್ರೆ "ಓ, ತುಂಬಾ ಕಾಮನ್ನಾ" ಅಂತಾರೆ. ಕ್ಲಾಸಿಗೆ ಮೂರು ಆರಾಧ್ಯ ಇದ್ರೆ ಯಾರೂ ಏನೂ ಕೇಳಲ್ಲ.

ಬೈಬಲ್ಲಿನ ನೋವಾ ಯಾರು, ಏನು ಮಾಡಿದ್ಲು ಅಂತ ಒಬ್ರಾದ್ರೂ ಕೇಳ್ಬಾರ್ದಾ? ನನ್ನ ಗಂಡನ ಮನೆಯವರು ಸಿಎಸ್‌ಐ ಚರ್ಚಿನ ಕ್ರೈಸ್ತರು, ಬಸುರಿ ಇದ್ದಾಗ ಅತ್ತೆ ಬೈಬಲ್ಲಿನ ಅರಣ್ಯಕಾಂಡ 27ನೇ ಅಧ್ಯಾಯ ಓದಿಸಿದ್ರು. ಐದು ಜನ ಅಕ್ಕತಂಗೀರು, ಅವರಲ್ಲೊಬ್ಬಳು ನೋವಾ, ಅಪ್ಪ ಸತ್ತಿದ್ದಾನೆ, ಅಣ್ಣತಮ್ಮ ಯಾರೂ ಇಲ್ಲ. ನೇರ ಇಸ್ರಾಯೇಲ್ಯರ ನಾಯಕ ಮೋಶೆ ಮುಂದೆ, ಜನ ಎಲ್ಲಾ ಸೇರಿರೋ ಕಡೆ ಹೋಗಿ ನಿಂತು, ಗಂಡುಮಗ ಇಲ್ಲ ಅಂತ ಅಪ್ಪನ ಹೆಸರು ಯಾಕೆ ಅಳೀಬೇಕು, ನಮಗೂ ಜಮೀನು ಕೊಡಿ ಅಂದ್ರು. ಮೋಶೆ ದೇವರನ್ನ ಕೇಳಿದ, ದೇವರು ಅವರು ಹೇಳೋದು ಸರಿ ಅಂದ. (36ನೇ ಅಧ್ಯಾಯಕ್ಕೆ ಬರೋಷ್ಟರಲ್ಲಿ, ಜಮೀನು ಬೇಕಾದ್ರೆ ಕುಲದೊಳಗೇ ಮದುವೆ ಆಗ್ಬೇಕು ಅಂತ ಷರತ್ತು ಬಂತು. ಕುಲದ ದೊಡ್ಡವರು ಹೋಗಿ ದೂರು ಕೊಟ್ಟಿದ್ರು, ಇನ್ನೇನು.)

ನಮ್ಮಮ್ಮಂಗೆ ಮೋಶೆ ಸಿಗ್ಲಿಲ್ಲ. 1994ರಲ್ಲಿ ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಜಾರಿಗೆ ಬಂತು, ಆದ್ರೆ ಅಷ್ಟೊತ್ತಿಗೆ ಮದುವೆ ಆಗಿದ್ದೋರಿಗೆ ಇಲ್ಲ. ಅಮ್ಮಂದು ಆಗಿತ್ತು. 2005ರಲ್ಲಿ ಮದುವೆ ಆದೋರಿಗೂ ಪಾಲು ಅಂತ ಕೇಂದ್ರದ ತಿದ್ದುಪಡಿ ಬರೋ ಹೊತ್ತಿಗೆ ಮಾವಂದಿರು ತೋಟ ಭಾಗ ಮಾಡ್ಕೊಂಡು ರಿಜಿಸ್ಟ್ರೇಷನ್ನೂ ಮುಗಿಸಿದ್ರು.

ನಾಮಕರಣದ ದಿನ ಅರ್ಥ ಏನು ಅಂತ ಮೊದಲು ಕೇಳಿದ್ದು ದೊಡ್ಡ ಮಾವನೇ. ಚಲನೆ ಅಂದೆ. ಪಾಯಸ ಚೆನ್ನಾಗಿದೆ ಅಂದ್ರು.