ಮಡಚಿದ ಪುಟ

ಇವತ್ತು ಅಮ್ಮನ ಕಪಾಟು ಒರೆಸುವಾಗ ತ್ರಿವೇಣಿಯವರ ಕಾದಂಬರಿ 'ಶರಪಂಜರ' ಕೈಗೆ ಸಿಕ್ತು. ರಟ್ಟು ಬಿಟ್ಟುಕೊಂಡಿದೆ, ಹೊಲಿಗೆಯ ದಾರ ಕಾಣ್ತಿದೆ, ನಡುವೆ ಒಂದು ಪುಟದ ಮೂಲೆ ಮಡಚಿದೆ. ಒರೆಸೋದು ಅಲ್ಲಿಗೇ ಬಿಟ್ಟು, ನೆಲದ ಮೇಲೆ ಕೂತು ಓದಿಬಿಟ್ಟೆ.

ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರ್ತಾಳೆ. ಗುಣವಾಗದೇ ಉಳಿಯೋದು ಸುತ್ತಲಿನವರ ಕಣ್ಣು. ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕಾಲೇಜಿನಲ್ಲಿದ್ದಾಗ ಕಥೆಗಾಗಿ ಓದಿದ್ದೆ. ಈ ಸಲ ಗಂಡ ದೂರ ಸರಿಯುವ ರೀತಿ ನೋಡಿ ಹೊಟ್ಟೆಯಲ್ಲಿ ಸಂಕಟವಾಯ್ತು.

ತ್ರಿವೇಣಿ, ಅಂದರೆ ಅನಸೂಯಾ ಶಂಕರ್, ಮನಶ್ಶಾಸ್ತ್ರ ಓದಿದವರು. ಆದರೂ ಎಲ್ಲೂ ಪಾಠ ಹೇಳೋದಿಲ್ಲ. ನಡುಮನೆಯ ಮಾತಿನಲ್ಲೇ ಮನಸ್ಸಿನ ಕಾಯಿಲೆಯನ್ನು ಬಿಚ್ಚಿಡ್ತಾರೆ. ಅವರನ್ನು 'ಹೆಂಗಸರ ಕಾದಂಬರಿಕಾರ್ತಿ' ಅಂತ ಬದಿಗಿಟ್ಟವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಹುಟ್ಟಿದ್ದು 1928ರಲ್ಲಿ, ಹೋಗಿದ್ದು 1963ರಲ್ಲಿ. ಮೂವತ್ತೈದೂ ತುಂಬಿರಲಿಲ್ಲ. ಅಷ್ಟರಲ್ಲೇ ಸುಮಾರು ಇಪ್ಪತ್ತು ಕಾದಂಬರಿ! ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯೊಬ್ಬಳ ನೋವನ್ನು ಅಷ್ಟು ಆಪ್ತವಾಗಿ ಬರೆದವರಿಗೆ ಹೀಗಾಗಬಾರದಿತ್ತು. ನಿರ್ದೇಶಕ ಪುಟ್ಟಣ್ಣ ಕಣಗಾಲ್ 1967ರಲ್ಲಿ ಅವರ 'ಬೆಳ್ಳಿಮೋಡ' ಕಾದಂಬರಿಯನ್ನು ಸಿನಿಮಾ ಮಾಡಿದರು, ಆಮೇಲೆ 'ಶರಪಂಜರ'. ಕಲ್ಪನಾ ಅವರ ಕಾವೇರಿಯನ್ನು ಊರೆಲ್ಲ ನೋಡಿತು, ತ್ರಿವೇಣಿ ನೋಡಲಿಲ್ಲ.

ಆ ಮಡಚಿದ ಪುಟ ಕಾವೇರಿ ಮನೆಗೆ ಮರಳಿದ ಮೇಲಿನದು. ಅಮ್ಮ ಅಲ್ಲಿ ಯಾಕೆ ನಿಂತಿದ್ದಳು ಅಂತ ಕೇಳಬೇಕು ಅಂದುಕೊಂಡೆ. ಅಡುಗೆಮನೆಯಲ್ಲಿ ಅವಳ ಬೆನ್ನು ಕಂಡಿತು. ಮೂಲೆ ಹಾಗೇ ಮಡಚಿಟ್ಟು ಪುಸ್ತಕ ವಾಪಸ್ ಇಟ್ಟೆ.