ನೇರವಾಗಿ ಗಾಗಲ್ಸ್ ಹಾಕ್ಕೊಂಡೇ ಶುರು ಮಾಡಬಹುದಾ?

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಕೇಳುತ್ತಾರೆ, ಸೇಡಂ ಕಡೆಯ ಒಬ್ಬ ಮಾಸ್ತರರು ಕೇಳಿದರು, ಯಾದಗಿರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಕೇಳಿದ. "ಅಣ್ಣಾ, ವಿಮಾನಕ್ಕ ಕ್ಯಾಮೆರಾ ಕಟ್ಟಿ, ಗಾಗಲ್ಸ್ ಹಾಕ್ಕೊಂಡು ಹಾರಸ್ತಾರಲ್ಲ, ಅದನ್ನ ಕಲೀಬೇಕು. ಯಾವ ಗಾಗಲ್ಸ್ ತಗೊಳ್ಳಲಿ?"

ಗಾಗಲ್ಸ್ ಈಗಲೇ ತಗೊಳ್ಳಬೇಡಿ. ಇದೇ ನನ್ನ ಉತ್ತರ. ಮೊದಲು ರಿಮೋಟಿನಿಂದ ಹಾರುವ ಒಂದು ಸಾದಾ ಪುಟ್ಟ ವಿಮಾನ ಕಟ್ಟಿ. ನೆಲದ ಮೇಲೆ ನಿಂತು, ಬರಿಗಣ್ಣಲ್ಲಿ ನೋಡುತ್ತಾ ಅದನ್ನು ಹಾರಿಸುವುದನ್ನು ಕಲಿಯಿರಿ. ಮೂರು ತಿಂಗಳು ಬೇಕಾದರೂ ಪರವಾಗಿಲ್ಲ. ಗಾಗಲ್ಸ್ ಕೊನೆಯ ಖರೀದಿ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಹವ್ಯಾಸಕ್ಕೆ ಎಫ್‌ಪಿವಿ, ಅಂದರೆ ಫಸ್ಟ್ ಪರ್ಸನ್ ವ್ಯೂ ಅನ್ನುತ್ತಾರೆ. ವಿಮಾನದ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ. ಅದು ಕಂಡದ್ದನ್ನು ವಿಡಿಯೊ ಟ್ರಾನ್ಸ್‌ಮಿಟರ್ ಅದೇ ಕ್ಷಣ ನಮ್ಮ ಗಾಗಲ್ಸ್‌ಗೆ ಕಳಿಸುತ್ತದೆ. ನಾವು ಹೊಲದ ಬದುವಿನ ಮೇಲೆ ಕುರ್ಚಿ ಹಾಕಿ ಕೂತಿರುತ್ತೇವೆ, ಕಣ್ಣು ಮಾತ್ರ ವಿಮಾನದೊಳಗೆ. ಎಡಕ್ಕೆ ವಾಲಿದರೆ ಇಡೀ ಭೂಮಿ ಬಲಕ್ಕೆ ವಾಲುತ್ತದೆ. ಈ ಅನುಭವ ಒಮ್ಮೆ ಆದರೆ ಬಿಡಲು ಆಗುವುದಿಲ್ಲ. ಹಾಗಾಗಿ ಹುಡುಗರ ಅವಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಿದ್ದೂ ಬೇಡ ಅಂತ ಯಾಕೆ ಹೇಳುತ್ತೇನೆ? ಒಂದು ದಿನದ ಕತೆ ಹೇಳುತ್ತೇನೆ.

ಜೇವರ್ಗಿ ರಸ್ತೆಯಲ್ಲಿ ಫರಹತಾಬಾದ್ ದಾಟಿ ಒಂದು ಮಡ್ಡಿ ಇದೆ. ಗರಸು ನೆಲ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ. ಬೆಳಿಗ್ಗೆ ಏಳು ಗಂಟೆ. ಗಾಗಲ್ಸ್ ಹಾಕಿಕೊಂಡು ಹಾರಿಸುತ್ತಿದ್ದೆ. ಪಕ್ಕದಲ್ಲಿ ಗೆಳೆಯ ವಿಮಾನದ ಮೇಲೆ ಕಣ್ಣಿಟ್ಟು ನಿಂತಿದ್ದ. ಸುಮಾರು ಮುನ್ನೂರು ಮೀಟರ್ ದೂರದಲ್ಲಿ ತಿರುಗಿಸುವಾಗ ಚಿತ್ರದಲ್ಲಿ ಚುಕ್ಕಿ ಚುಕ್ಕಿ ಬಂತು. ಅಡ್ಡ ಗೆರೆ ಬಂತು. ಆಮೇಲೆ ಪೂರ್ತಿ ಕಪ್ಪು. ಗಾಗಲ್ಸ್ ಹಣೆಗೆ ಎತ್ತಿದೆ. ಕತ್ತಲಿಂದ ಒಮ್ಮೆಲೇ ಬಿಸಿಲಿಗೆ ಬಂದ ಕಣ್ಣಿಗೆ ಏನೂ ಕಾಣಲಿಲ್ಲ. ಗೆಳೆಯ ಕೈ ಚಾಚಿ ತೋರಿಸಿದ. ಆಕಾಶದಲ್ಲಿ ಒಂದು ಸಣ್ಣ ಕಪ್ಪು ಗೆರೆ ಇತ್ತು. ಅದು ನಮ್ಮ ಕಡೆ ಬರುತ್ತಿದೆಯೋ, ನಮ್ಮಿಂದ ದೂರ ಹೋಗುತ್ತಿದೆಯೋ? ಅದು ಗೊತ್ತಾಗದೆ ರಿಮೋಟಿನ ಸ್ಟಿಕ್ ಅಲ್ಲಾಡಿಸಿದರೆ ವಿಮಾನ ನೆಲಕ್ಕೆ.

ಸ್ಟಿಕ್ ಸ್ವಲ್ಪ ಎಡಕ್ಕೆ ಒತ್ತಿದೆ. ಗೆರೆಯ ಬಲಗಡೆ ತುದಿ ಕೆಳಗಾಯಿತು. ಹಾಗಾದರೆ ಮೂತಿ ನಮ್ಮ ಕಡೆಗಿದೆ, ಬರುತ್ತಿದೆ. ಉಳಿದದ್ದನ್ನು ಕೈ ತಾನಾಗಿ ಮಾಡಿತು. ನೂರು ಸಲ ಬರಿಗಣ್ಣಲ್ಲಿ ಇಳಿಸಿದ್ದ ಕೈ ಅದು. ವಿಮಾನ ಗರಸಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಬಂದು ನಿಂತಿತು. ಬಿಚ್ಚಿ ನೋಡಿದರೆ ವಿಡಿಯೊ ಟ್ರಾನ್ಸ್‌ಮಿಟರ್‌ನ ಆಂಟೆನಾ ಕನೆಕ್ಟರ್ ಸಡಿಲವಾಗಿತ್ತು. ಅಷ್ಟೇ ವಿಷಯ. ಇಂಥ ದಿನ ಹಾರಿಸುವ ಪ್ರತಿಯೊಬ್ಬರಿಗೂ ಬರುತ್ತದೆ. ಗಾಗಲ್ಸ್‌ನಲ್ಲಿ ಮಾತ್ರ ಕಲಿತವರಿಗೆ ಆಗ ಮಾಡಲು ಏನೂ ಉಳಿಯುವುದಿಲ್ಲ.

ಬರಿಗಣ್ಣಲ್ಲಿ ಹಾರಿಸುವಾಗಿನ ದೊಡ್ಡ ಕಷ್ಟವೂ ಇದೇ. ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಎಡವೇ. ನಮ್ಮ ಕಡೆ ಬರುವಾಗ ಎಡ ಬಲವಾಗುತ್ತದೆ. ಹೊಸಬರ ವಿಮಾನ ಬೀಳುವುದು ಹೆಚ್ಚಾಗಿ ಇಲ್ಲೇ. ಒಂದು ಉಪಾಯ ಇದೆ: ಎದುರಿಗೆ ಬರುವಾಗ ಯಾವ ರೆಕ್ಕೆ ಕೆಳಗಾಗಿದೆಯೋ ಆ ಕಡೆಗೆ ಸ್ಟಿಕ್ ಒತ್ತಿ. ಕೆಳಗಾದ ರೆಕ್ಕೆಗೆ ಕೆಳಗಿಂದ ಕೈ ಕೊಟ್ಟು ಎತ್ತಿದ ಹಾಗೆ ಅಂತ ನೆನಪಿಟ್ಟುಕೊಳ್ಳಿ. ಸ್ವಲ್ಪ ದಿನಕ್ಕೆ ಯೋಚನೆಯೇ ಬೇಕಾಗುವುದಿಲ್ಲ.

ಇದನ್ನು ಕಲಿಯಲು ವಿಮಾನ ಬೇಕಾಗಿಲ್ಲ. ಮೊದಲು ರೇಡಿಯೊ ಒಂದನ್ನೇ ಕೊಳ್ಳಿ. ರೇಡಿಯೊ ಅಂದರೆ ವಿಮಾನ ನಡೆಸುವ ರಿಮೋಟ್. ಅದನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಸಿಮ್ಯುಲೇಟರ್, ಅಂದರೆ ಪರದೆಯ ಮೇಲೆ ವಿಮಾನ ಹಾರಿಸುವ ಆಟ, ಆಡಿ. ಪುಕ್ಕಟೆ ಸಿಮ್ಯುಲೇಟರ್‌ಗಳೂ ಸಿಗುತ್ತವೆ. ದಿನಕ್ಕೆ ಅರ್ಧ ತಾಸಿನಂತೆ ಹದಿನೈದು ದಿನ ಕೂತರೆ ಮೊದಲ ಎರಡು ವಿಮಾನದ ದುಡ್ಡು ಉಳಿಯುತ್ತದೆ. ರೇಡಿಯೊದಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ವಿಮಾನ ಬದಲಾಗುತ್ತದೆ, ಮೋಟಾರ್ ಬದಲಾಗುತ್ತದೆ, ಒಳ್ಳೆಯ ರೇಡಿಯೊ ವರ್ಷಗಟ್ಟಲೆ ನಿಮ್ಮ ಜೊತೆಗೇ ಇರುತ್ತದೆ. ನಾನು ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಅನ್ನುವ ಸಂಪರ್ಕ ವ್ಯವಸ್ಥೆ ಇರುವ 2.4 ಗಿಗಾಹರ್ಟ್ಸ್ ರೇಡಿಯೊ ಬಳಸುತ್ತೇನೆ.

ಇನ್ನು ವಿಮಾನ. ಕಾನೂನಿನ ಲೆಕ್ಕದಲ್ಲಿ ಇದೂ ಡ್ರೋನೇ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರದೇಶದಿಂದ ತಯಾರಾದ ಡ್ರೋನ್ ತರಿಸುವುದನ್ನು ನಿಲ್ಲಿಸಿತು. ಬಿಡಿಭಾಗಗಳಿಗೆ ಆ ತಡೆ ಇಲ್ಲ. ಅದೇನೇ ಇರಲಿ, ನನ್ನ ಸಲಹೆ ಯಾವತ್ತೂ ಒಂದೇ, ಕೈಯಾರೆ ಕಟ್ಟಿ. ಕಟ್ಟಿದವರಿಗೆ ರಿಪೇರಿ ಬರುತ್ತದೆ, ರಿಪೇರಿ ಬಂದವರಿಗೆ ಬೀಳುವ ಭಯ ಇರುವುದಿಲ್ಲ. ಫೋಮ್ ಬೋರ್ಡ್, ಹಾಟ್ ಗ್ಲೂ (ಕಾಯಿಸಿ ಹಚ್ಚುವ ಅಂಟು), ಒಂದು ಒಳ್ಳೆಯ ಕಟರ್, ನಾಲ್ಕು 9 ಗ್ರಾಂ ಸರ್ವೊ (ರೆಕ್ಕೆ, ಬಾಲದ ಪಟ್ಟಿ ತಿರುಗಿಸುವ ಪುಟ್ಟ ಯಂತ್ರ), 2212 ಅಳತೆಯ ಮೋಟಾರ್, ಅದರ ವೇಗ ಹತೋಟಿ ಮಾಡುವ 30 ಆಂಪಿಯರ್‌ನ ಇಎಸ್‌ಸಿ, ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ರೆಕ್ಕೆ ಮೇಲ್ಗಡೆ ಇರುವ ನಮೂನೆ ಆರಿಸಿಕೊಳ್ಳಿ. ಅದು ವಾಲಿದರೂ ತಾನಾಗಿ ಸರಿಹೋಗಲು ನೋಡುತ್ತದೆ. ಪ್ರೊಪೆಲ್ಲರ್ ಹಿಂದೆ ಇದ್ದರೆ ಇನ್ನೂ ಒಳ್ಳೆಯದು. ಮೂತಿ ನೆಲಕ್ಕೆ ತಗುಲಿದಾಗ ಅದು ಮುರಿಯುವುದಿಲ್ಲ, ಮುಂದೆ ಕ್ಯಾಮೆರಾ ಕೂರಿಸಲು ಜಾಗವೂ ಖಾಲಿ ಇರುತ್ತದೆ. ಬಾಲವಿಲ್ಲದ ಬರೀ ರೆಕ್ಕೆಯ ವಿಮಾನ ನೋಡಲು ಚೆಂದ, ಆದರೆ ಮೊದಲಿಗೆ ಬೇಡ.

ಬ್ಯಾನರ್ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನಿಂದಲೂ ಕಟ್ಟುತ್ತಾರೆ. ಗಟ್ಟಿ ಇರುತ್ತದೆ, ತೂಕ ಜಾಸ್ತಿ. ತೂಕ ಜಾಸ್ತಿಯಾದರೆ ಜೋರಾಗಿ ಹಾರಿಸಬೇಕು, ಜೋರಾಗಿಯೇ ಇಳಿಸಬೇಕು. ಕಲಿಯುವವರಿಗೆ ನಿಧಾನ ಹಾರುವ ವಿಮಾನ ಬೇಕು, ಅಲ್ವಾ?

ಹಾಟ್ ಗ್ಲೂ ಬಗ್ಗೆ ನಮ್ಮ ಊರಿನವರಿಗೆ ಬೇರೆಯಾಗಿಯೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಸಾಮಾನ್ಯ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಒಂದು ಸಲ ಕಾರಿನ ಹಿಂದಿನ ಗಾಜಿನ ಕೆಳಗೆ ವಿಮಾನ ಇಟ್ಟು ಊಟಕ್ಕೆ ಹೋಗಿದ್ದೆ. ಬಂದು ಮೋಟಾರ್ ಹಿಡಿದು ಎಳೆದರೆ ಮೌಂಟ್ ಸಮೇತ ಕೈಗೆ ಬಂತು. ಅಂಟು ಬೆಲ್ಲದ ಪಾಕದ ಹಾಗೆ ನೂಲು ನೂಲಾಗಿ ಎಳೆಯುತ್ತಿತ್ತು. ಗಾಳಿಯಲ್ಲಿ ಬಿಚ್ಚಿದ್ದರೆ? ಅವತ್ತಿನಿಂದ ಮೋಟಾರ್ ಮೌಂಟಿಗೆ ಎಪಾಕ್ಸಿ ಅಂಟು, ಜೊತೆಗೆ ಎರಡು ಸ್ಕ್ರೂ. ಬೇಸಿಗೆಯಲ್ಲಿ ಬ್ಯಾಟರಿಯನ್ನೂ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಲಿಪೊ ಸೆಲ್ ಒಂದಕ್ಕೆ 4.2 ವೋಲ್ಟ್ ಅಂದರೆ ಪೂರ್ತಿ ಚಾರ್ಜ್. 3.5ಕ್ಕೆ ಬಂತೆಂದರೆ ಇಳಿಸಿಬಿಡಿ. ನಾಲ್ಕಾರು ದಿನ ಬಳಸುವುದಿಲ್ಲ ಅಂದರೆ 3.8ರಲ್ಲಿ ಇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಬೆಂಕಿ ಹಿಡಿಯುತ್ತದೆ. ಚಾರ್ಜ್ ಆಗುವಾಗ ಎದ್ದು ಹೋಗಬೇಡಿ.

ಕಟ್ಟಿ ಮುಗಿದ ಮೇಲೆ ಬಹಳ ಎಚ್ಚರ ಬೇಕಾದ ಕೆಲಸ ಒಂದೇ, ತೂಕ ಸರಿದೂಗಿಸುವುದು. ರೆಕ್ಕೆಯ ಕೆಳಗೆ ಎರಡು ಬೆರಳು ಇಟ್ಟು ವಿಮಾನ ಎತ್ತಿ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ಅದರ ಅಗಲದ ಕಾಲು ಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಬೆರಳು ಇರಲಿ. ವಿಮಾನ ತಕ್ಕಡಿಯ ದಂಡಿಯ ಹಾಗೆ ನೇರ ನಿಲ್ಲಬೇಕು, ಇಲ್ಲವೇ ಮೂತಿ ಒಂಚೂರು ತಗ್ಗಬೇಕು. ಬಾಲ ತಗ್ಗಿದರೆ ಹಾರಿಸಲೇಬೇಡಿ. ಬ್ಯಾಟರಿ ಮುಂದಕ್ಕೆ ಸರಿಸಿ, ಮತ್ತೆ ಎತ್ತಿ ನೋಡಿ. ಸರಿಯಾದ ಜಾಗ ಸಿಕ್ಕ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡಿ. ನನ್ನ ಎಲ್ಲಾ ರೆಕ್ಕೆಗಳ ಅಡಿಯಲ್ಲಿ ಎರಡೆರಡು ಕೆಂಪು ಚುಕ್ಕಿ ಇವೆ.

ಜಾಗದ ಮಾತಿಗೆ ಬರೋಣ. ನಮ್ಮಲ್ಲಿ ಬಯಲಿಗೆ ಬರ ಇಲ್ಲ. ತೊಗರಿ ಕೊಯ್ದ ಹೊಲ ದೂರದಿಂದ ಒಳ್ಳೆಯ ಮೈದಾನದ ಹಾಗೆ ಕಾಣುತ್ತದೆ, ಆದರೆ ಮೋಸ ಹೋಗಬೇಡಿ. ಕೂಳೆ ಕತ್ತಿಯ ಹಾಗೆ ನಿಂತಿರುತ್ತದೆ, ಒಂದೇ ಇಳಿತಕ್ಕೆ ಫೋಮ್ ಸೀಳಿ ಹಾಕುತ್ತದೆ. ಎರಿ ಹೊಲ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಕೆಸರು. ಕಡಲೆ ಕಿತ್ತ ಹೊಲ ಮೆತ್ತಗಿರುತ್ತದೆ. ಎಲ್ಲಕ್ಕಿಂತ ಮಡ್ಡಿ ಒಳ್ಳೆಯದು. ಯಾರದ್ದೇ ಜಾಗವಾದರೂ ಮಾಲೀಕರನ್ನು ಕೇಳಿಯೇ ಹೋಗಿ. ಬೆಳೆ ನಿಂತಾಗ ವಿಮಾನ ಒಳಗೆ ಬಿತ್ತೆಂದರೆ ಸಾಲಿನೊಳಗೆ ನಡೆದು ಹುಡುಕಿ, ತುಳಿದು ಹಾಳು ಮಾಡಬೇಡಿ. ಆಳೆತ್ತರ ಬೆಳೆದ ತೊಗರಿಯಲ್ಲಿ ಹತ್ತು ಹೆಜ್ಜೆ ಆಚೆಗೆ ಬಿದ್ದದ್ದೂ ಕಾಣುವುದಿಲ್ಲ. ಬೀಪ್ ಅನ್ನುವ ಬಝರ್ ಒಂದನ್ನು ಹಾಕಿಬಿಡಿ. ಆಷಾಢದ ಗಾಳಿಯಲ್ಲಿ ಮನೆಯಲ್ಲಿದ್ದು ರಿಪೇರಿ ಮಾಡಿಕೊಳ್ಳಿ. ಉಳಿದ ದಿನಗಳಲ್ಲಿ ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ಬಂಗಾರದಂಥ ಸಮಯ.

ಮೊದಲ ಸಲ ವಿಮಾನ ಕೈಯಿಂದ ಎಸೆದು ಹಾರಿಸುವಾಗ ಗಾಳಿಗೆ ಎದುರಾಗಿ ನಿಲ್ಲಿ. ಮುಷ್ಟಿಯಷ್ಟು ಹೊಟ್ಟು ತೂರಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಅನುಭವ ಇದ್ದವರು ಎಸೆಯಲಿ, ನಿಮ್ಮ ಎರಡೂ ಕೈ ರೇಡಿಯೊ ಮೇಲೆ ಇರಲಿ. ಮೇಲಕ್ಕೆ ಎಸೆಯಬಾರದು, ಮಟ್ಟಸವಾಗಿ ಮುಂದಕ್ಕೆ ಎಸೆಯಬೇಕು. ಪ್ರೊಪೆಲ್ಲರ್ ಹಿಂದೆ ಇದ್ದರೆ ವಿಮಾನ ಕೈ ಬಿಟ್ಟ ಮೇಲೆಯೇ ಥ್ರಾಟಲ್ (ಮೋಟಾರಿನ ವೇಗ) ಏರಿಸಿ, ಇಲ್ಲದಿದ್ದರೆ ಬೆರಳು ಹೋಗುತ್ತದೆ.

ಕಾನೂನನ್ನು ಯಾರೂ ಕೇಳುವುದಿಲ್ಲ, ಆದರೆ ನಾನು ಹೇಳದೆ ಬಿಡುವುದಿಲ್ಲ. 2021ರ ಡ್ರೋನ್ ನಿಯಮಗಳು ನಮ್ಮ ವಿಮಾನಕ್ಕೂ ಅನ್ವಯಿಸುತ್ತವೆ. ಎರಡು ಕಿಲೊ ಒಳಗಿನದನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಹಸಿರು ವಲಯದಲ್ಲಿ (ಅನುಮತಿ ಕೇಳದೆ ಹಾರಿಸಬಹುದಾದ ಜಾಗ) 400 ಅಡಿಗಿಂತ ಮೇಲೆ ಹೋಗಬಾರದು. ಸರ್ಕಾರದ ಡಿಜಿಟಲ್ ಸ್ಕೈ ಆನ್‌ಲೈನ್ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ಪ್ರತಿ ಸಲ ನೋಡಿ. ಕಲಬುರಗಿಯಲ್ಲಿ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ಇದೆ, ಅದರ ಸುತ್ತ ಬೇಡ. ಬೀದರಿನ ಗೆಳೆಯರಿಗೆ ಇನ್ನೂ ಬಿಗಿ. ಅಲ್ಲಿರುವುದು ವಾಯುಪಡೆಯ ನೆಲೆ. ಯುವ ಪೈಲಟ್‌ಗಳು ಹಾಕ್ ಜೆಟ್‌ನಲ್ಲಿ ತರಬೇತಿ ಪಡೆಯುವ ಆಕಾಶ ಅದು, ಸೂರ್ಯಕಿರಣ ತಂಡದ ಮನೆಯೂ ಅದೇ. ಚಿಕ್ಕಂದಿನಿಂದ ಆ ಜೆಟ್‌ಗಳನ್ನು ನೋಡಿಯೇ ಈ ಹುಚ್ಚು ಹಿಡಿಸಿಕೊಂಡವರು ಬೀದರಿನಲ್ಲಿ ಬಹಳ ಜನ. ನಿಮ್ಮ ಫೋಮ್ ವಿಮಾನ ಅವರ ದಾರಿಗೆ ಅಡ್ಡ ಬರುವುದನ್ನು ಊಹಿಸಲೂ ಆಗದು. ನಕ್ಷೆ ನೋಡಿ, ಊರಿಂದ ಎಷ್ಟು ದೂರ ಹೋಗಬೇಕೋ ಅಷ್ಟು ದೂರ ಹೋಗಿ. ನಮ್ಮ ಮಡ್ಡಿಗೆ ಬಂದರೂ ಸಂತೋಷ.

ಹಾಗಾದರೆ ಗಾಗಲ್ಸ್ ಯಾವಾಗ? ಎರಡೂ ದಿಕ್ಕಿನಿಂದ ಎಂಟರ ಆಕಾರದಲ್ಲಿ ಸರಾಗವಾಗಿ ತಿರುಗಿಸಲು ಬಂದಾಗ. ಮೋಟಾರ್ ನಿಲ್ಲಿಸಿ, ಬರೀ ತೇಲಿಸಿಕೊಂಡು, ನಿಮ್ಮಿಂದ ಇಪ್ಪತ್ತು ಹೆಜ್ಜೆಯೊಳಗೆ ಸತತ ಹತ್ತು ಸಲ ಇಳಿಸಲು ಬಂದಾಗ. ಅಲ್ಲಿಯವರೆಗೆ ನನಗೆ ಬಿದ್ದ ಖರ್ಚು, ರೇಡಿಯೊ ಚಾರ್ಜರ್ ಎಲ್ಲಾ ಸೇರಿ, 15 ಸಾವಿರದ ಒಳಗೆ. ಕ್ಯಾಮೆರಾ, ವಿಡಿಯೊ ಟ್ರಾನ್ಸ್‌ಮಿಟರ್, ಡಬ್ಬಿಯಂಥ ಸಾದಾ ಅನಲಾಗ್ ಗಾಗಲ್ಸ್‌ಗೆ ಹೆಚ್ಚುಕಡಿಮೆ ಅಷ್ಟೇ ಮತ್ತೆ ಬಿತ್ತು. ಡಿಜಿಟಲ್ ಚಿತ್ರ ಬಹಳ ಚೊಕ್ಕಟ, ಬೆಲೆ ಹಲವು ಪಟ್ಟು. ಶುರುವಿಗೆ ಅನಲಾಗ್ ಸಾಕು. ಸಿಗ್ನಲ್ ಕಡಿಮೆಯಾಗುತ್ತಾ ಬಂದಾಗ ಅದರಲ್ಲಿ ಚುಕ್ಕಿ ಏರುತ್ತಾ ಹೋಗುತ್ತದೆ, ಹಿಂದಕ್ಕೆ ತಿರುಗು ಅಂತ ಹೇಳಿದ ಹಾಗೆ. ಆಂಟೆನಾ ಹಾಕದೆ ವಿಡಿಯೊ ಟ್ರಾನ್ಸ್‌ಮಿಟರ್‌ಗೆ ಕರೆಂಟ್ ಕೊಟ್ಟರೆ ಸುಟ್ಟುಹೋಗಬಹುದು. ನೆಲದ ಮೇಲೆ ಗಾಳಿ ಆಡದೆ ಅದು ಬಹಳ ಬಿಸಿಯಾಗುತ್ತದೆ, ಆದ್ದರಿಂದ ಎಲ್ಲಾ ತಯಾರಾದ ಮೇಲೆ ಆನ್ ಮಾಡಿ. ವಿಡಿಯೊ ಕಳಿಸುವ 5.8 ಗಿಗಾಹರ್ಟ್ಸ್ ಅಲೆ ಗಿಡವನ್ನೂ ಮನುಷ್ಯನ ಮೈಯನ್ನೂ ದಾಟಲು ಒದ್ದಾಡುತ್ತದೆ. ನಿಮ್ಮ ಎದುರಿಗೆ ಯಾರೂ ನಿಲ್ಲದಿರಲಿ.

ರೇಡಿಯೊ ಆಫ್ ಆದರೆ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಇಡಿ. ಪ್ರೊಪೆಲ್ಲರ್ ಬಿಚ್ಚಿ ಮನೆಯಲ್ಲೇ ಪರೀಕ್ಷೆ ಮಾಡಿ. ಪಕ್ಕದಲ್ಲಿ ಒಬ್ಬರು ವಿಮಾನ ನೋಡುತ್ತಾ ನಿಲ್ಲದೆ ಗಾಗಲ್ಸ್ ಹಾಕಲೇಬೇಡಿ. ಹವ್ಯಾಸದ ವಿಮಾನ ಕಣ್ಣಳತೆಯಲ್ಲೇ ಇರಬೇಕು ಅಂತ ನಿಯಮವೂ ಹೇಳುತ್ತದೆ.

ಬರಿಗಣ್ಣಲ್ಲಿ ಹಾರಿಸಲು ಬಂದರೆ ಇನ್ನೊಂದು ಲಾಭ ಇದೆ. ಗಾಗಲ್ಸ್ ಬೇರೆಯವರಿಗೆ ಕೊಡಬಹುದು. ನಮ್ಮ ಮಡ್ಡಿಯ ಪಕ್ಕದ ಹೊಲ ಒಬ್ಬ ಕಾಕಾನದು. ಹಿಂಗಾರಿ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿ, ರುಮಾಲು ತೆಗೆಸಿ, ಗಾಗಲ್ಸ್ ಕಟ್ಟಿದೆ. ನಾನು ನೆಲದಿಂದ ನೋಡುತ್ತಾ ವಿಮಾನವನ್ನು ನಿಧಾನ ಅವನ ಹೊಲದ ಮೇಲೆ ಸುತ್ತಿಸಿದೆ. ಕಾಕಾ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ಸುಮ್ನೆ ಕೂತಿದ್ದ. ಆಮೇಲೆ ಒಮ್ಮೆಲೇ, "ಏ ತಮ್ಮಾ, ಇದು ನಮ್ ಹೊಲ ಅದಲ್ಲ! ಅಕಾ, ಬಾವಿ. ಅಕಾ, ಬೇವಿನ ಗಿಡ" ಅಂದ. ಇನ್ನೊಂದು ಸುತ್ತು ಹಾಕಿದೆ.

"ತಡಿ, ತಡಿ. ಆ ಮೂಲ್ಯಾಗ ಬದು ಒಡದದ ನೋಡು" ಅಂದ. ಗಾಗಲ್ಸ್ ಬಿಚ್ಚಿ ನನ್ನ ಗೆಳೆಯನ ಕೈಗೆ ಕೊಟ್ಟ. ರುಮಾಲು ಸುತ್ತಿಕೊಳ್ಳುತ್ತಾ ಸಲಿಕೆ ಹೆಗಲಿಗೆ ಹಾಕಿ ಆ ಮೂಲೆಯ ಕಡೆ ನಡೆದ.